ಮೂರು ಎಐ ಮಾಡೆಲ್‌ಗಳು ಒಪ್ಪಿದವು ಎಂದು ನಂಬಿ ಕೆಟ್ಟೆ

ಒಂದೇ ಪರದೆಯಲ್ಲಿ ಹತ್ತಾರು ಎಐ ಮಾಡೆಲ್‌ಗಳನ್ನು ಕೊಡುವ ಆ್ಯಪ್‌ಗಳನ್ನು ಬಳಸುವವರು, ಅದರಲ್ಲೂ ಒಂದು ಮಾಡೆಲ್ ಕೊಟ್ಟ ಉತ್ತರವನ್ನು ಇನ್ನೊಂದರಿಂದ ಪರೀಕ್ಷಿಸಿಕೊಳ್ಳುವ ರೂಢಿ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಆ ರೂಢಿಯನ್ನೇ ನಂಬಿಕೊಂಡು ನಾನು ಕೈ ಸುಟ್ಟುಕೊಂಡಿದ್ದೇನೆ. ನನ್ನ ಕೈ ಸುಟ್ಟಿದ್ದು ಮಾತಿಗಷ್ಟೇ. ಆ ತಪ್ಪು ಮುದ್ರಣವಾಗಿ ಹೋಗಿದ್ದರೆ ಯಾರದೋ ಕೈ ನಿಜವಾಗಿಯೇ ಸುಡುತ್ತಿತ್ತು.

ತಾಂತ್ರಿಕ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಈ ಬಾರಿ ಬಂದದ್ದು ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಡ್ರೈವ್ ಎಂಬ ವಿದ್ಯುತ್ ಉಪಕರಣದ ಕೈಪಿಡಿ, ತೊಂಬತ್ತು ಪುಟ. ಇಂಥ ಡ್ರೈವ್‌ಗಳ ಒಳಗೆ ದೊಡ್ಡ ಕೆಪಾಸಿಟರ್‌ಗಳಿರುತ್ತವೆ. ಸ್ವಿಚ್ ಆರಿಸಿದ ಮೇಲೂ ಅವುಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ, ಮುಟ್ಟಿದರೆ ಜೀವಕ್ಕೇ ಅಪಾಯ. ಆದ್ದರಿಂದ ಮುಚ್ಚಳ ತೆಗೆಯುವ ಮೊದಲು ಇಂತಿಷ್ಟು ನಿಮಿಷ ಕಾಯಬೇಕು ಎಂಬ ಎಚ್ಚರಿಕೆ ಇಂಥ ಕೈಪಿಡಿಗಳಲ್ಲಿ ಇದ್ದೇ ಇರುತ್ತದೆ. ನನ್ನ ಕೈಪಿಡಿಯ 14ನೇ ಪುಟದಲ್ಲಿ ಅದೊಂದು ಪುಟ್ಟ ಕೋಷ್ಟಕ: ಚಿಕ್ಕ ಡ್ರೈವ್‌ಗಳಿಗೆ 5 ನಿಮಿಷ, ದೊಡ್ಡವಕ್ಕೆ 15 ನಿಮಿಷ.

ಪಿಡಿಎಫ್ ಅನ್ನು ಆ್ಯಪ್‌ಗೆ ಹಾಕಿ, ಮೊದಲ ಮಾಡೆಲ್‌ನಿಂದ ಸುರಕ್ಷತೆಯ ಅಧ್ಯಾಯದ ಕರಡು ಬರೆಸಿದೆ. "ಮುಚ್ಚಳ ತೆಗೆಯುವ ಮೊದಲು 5 ನಿಮಿಷ ಕಾಯಿರಿ" ಎಂದು ಬಂತು. ದೊಡ್ಡದು ಚಿಕ್ಕದು ಎಂಬ ಭೇದವಿಲ್ಲದೆ ಎಲ್ಲಕ್ಕೂ 5. ಆಗ ನನ್ನ ಕಣ್ಣಿಗೆ ಅದು ಬೀಳಲಿಲ್ಲ. ಬೀಳದಿದ್ದರೂ ಚಿಂತೆಯಿಲ್ಲ ಎಂದುಕೊಂಡಿದ್ದೆ, ಏಕೆಂದರೆ ನನ್ನ ಬಳಿ ತಾಳೆ ನೋಡುವ ಉಪಾಯವೊಂದಿತ್ತು. ಪರದೆಯ ಮೇಲ್ತುದಿಯ ಪಟ್ಟಿಯಲ್ಲಿ ಬೇರೆ ಮಾಡೆಲ್‌ನ ಹೆಸರು ಆರಿಸಿ, ಅದೇ ಸಂಭಾಷಣೆಯಲ್ಲಿ "ಮೇಲಿನ ಸಂಖ್ಯೆಗಳೆಲ್ಲ ಮೂಲಕ್ಕೆ ಸರಿಹೊಂದುತ್ತವೆಯೇ ನೋಡು" ಎಂದು ಕೇಳುವುದು. ಎರಡನೆಯದು ಹೌದು ಎಂದಿತು. ಮೂರನೆಯದೂ ಹೌದು ಎಂದಿತು, ಜೊತೆಗೆ ಎರಡು ಕಾಗುಣಿತದ ತಪ್ಪುಗಳನ್ನೂ ತಿದ್ದಿಕೊಟ್ಟಿತು. ಆ ಎರಡು ತಿದ್ದುಪಡಿಗಳೇ ನನ್ನ ಕಣ್ಣಿಗೆ ಮಣ್ಣೆರಚಿದ್ದು. ಇಷ್ಟು ಸೂಕ್ಷ್ಮವಾಗಿ ನೋಡಿದೆಯಲ್ಲ, ಸಂಖ್ಯೆಗಳನ್ನು ನೋಡಿರದೇ ಇರುತ್ತದೆಯೇ ಎಂದುಕೊಂಡು ಕಡತವನ್ನು ಕಳುಹಿಸಿಬಿಟ್ಟೆ.

ಮೂರನೆಯ ದಿನ ಆ ಕಂಪನಿಯ ಎಂಜಿನಿಯರ್ ಕರೆ ಮಾಡಿದರು. "ಮೇಡಂ, 14ನೇ ಪುಟ ಓದಿದ್ದೀರಾ?"

"ಮೂರು ಸಲ ಪರೀಕ್ಷೆ ಮಾಡಿಸಿದ್ದೇನೆ ಸರ್."

"ನೀವು ಓದಿದ್ದೀರಾ ಎಂದು ಕೇಳುತ್ತಿದ್ದೇನೆ."

ಎದೆ ಧಸಕ್ಕೆಂದಿತು. ಪುಟ ತೆರೆದು ನೋಡಿದರೆ 15 ಎಂಬ ಅಂಕಿ ದಪ್ಪ ಅಕ್ಷರದಲ್ಲಿ ಕುಳಿತಿದೆ.

ತಪ್ಪು ನನ್ನದೇ. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಮೂರು ಬೇರೆ ಬೇರೆ ಮಾಡೆಲ್‌ಗಳು, ಬೇರೆ ಬೇರೆ ಸಂಸ್ಥೆಗಳು ತಯಾರಿಸಿದವು, ಒಂದೇ ತಪ್ಪನ್ನು ಹೇಗೆ ಒಪ್ಪಿದವು ಎಂಬುದು ಮಾತ್ರ ನಿದ್ದೆಗೆಡಿಸಿತು. ಅದೃಷ್ಟಕ್ಕೆ ಆ ಆ್ಯಪ್‌ನಲ್ಲಿ ಸಂಭಾಷಣೆಯ ಕಡತವನ್ನೂ ಬಳಕೆಯ ದಾಖಲೆಯಾದ ಲಾಗ್ ಅನ್ನೂ ಇಳಿಸಿಕೊಳ್ಳುವ ಅವಕಾಶವಿತ್ತು. ಪ್ರೋಗ್ರಾಮಿಂಗ್ ಬಲ್ಲ ಗೆಳತಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಓದಿದೆ.

ಮೊದಲ ಮಾಡೆಲ್ ಯಾಕೆ ತಪ್ಪಿತು ಎಂಬುದು ಬೇಗ ತಿಳಿಯಿತು. ಕೆಲವು ಸೇವೆಗಳು ಪಿಡಿಎಫ್‌ನ ಪುಟಗಳನ್ನು ಚಿತ್ರವಾಗಿಯೂ ಮಾಡೆಲ್‌ಗೆ ತೋರಿಸುತ್ತವೆ. ನನ್ನ ಆ್ಯಪ್ ಬರೀ ಅಕ್ಷರಗಳನ್ನು ಹೊರತೆಗೆದು ಕೊಟ್ಟಿತ್ತು. ಕೋಷ್ಟಕದ ಗೆರೆಗಳೂ ತಲೆಬರಹಗಳೂ ಚೆದುರಿ "5 15 ನಿಮಿಷ" ಎಂಬ ತುಣುಕೊಂದು ಉಳಿದಿತ್ತು. ಅದರಲ್ಲಿ ಕೈಗೆ ಸಿಕ್ಕ ಅಂಕಿಯನ್ನು ಅದು ಎತ್ತಿಕೊಂಡಿತ್ತು, ಅಷ್ಟೇ.

ಉಳಿದೆರಡರ ಕಥೆಯೇ ನಾನು ಇದನ್ನು ಬರೆಯಲು ಕಾರಣ. ಈ ಮಾಡೆಲ್‌ಗಳಿಗೆ ಹಿಂದಿನ ಮಾತಿನ ನೆನಪು ಎಂಬುದಿಲ್ಲ. ನಾವು ಹೊಸ ಪ್ರಶ್ನೆ ಕೇಳಿದಾಗಲೆಲ್ಲ ಆ್ಯಪ್ ಇಡೀ ಸಂಭಾಷಣೆಯನ್ನು ಮೊದಲಿನಿಂದ ಮತ್ತೆ ಕಳುಹಿಸುತ್ತದೆ. ಪ್ರತಿ ಮಾತಿಗೂ ಒಂದು ಚೀಟಿ ಅಂಟಿಸಿರುತ್ತದೆ. ನಾವು ಹೇಳಿದ್ದಕ್ಕೆ ಯೂಸರ್, ಮಾಡೆಲ್ ಹೇಳಿದ್ದಕ್ಕೆ ಅಸಿಸ್ಟೆಂಟ್. ಯಾವ ಮಾಡೆಲ್ ಹೇಳಿತು ಎಂಬುದು ಆ ಚೀಟಿಯಲ್ಲಿ ಇಲ್ಲ! ನನ್ನ ಕಡತದಲ್ಲಿ ಮೂರೂ ಉತ್ತರಗಳ ತಲೆಯ ಮೇಲೆ ಇದ್ದದ್ದು ಅಸಿಸ್ಟೆಂಟ್ ಎಂಬ ಒಂದೇ ಪದ. ಎಂದರೆ ಎರಡನೆಯ ಮಾಡೆಲ್ ಆ 5 ನಿಮಿಷದ ಸಾಲನ್ನು ಬೇರೊಬ್ಬರ ಬರಹವೆಂದು ಓದಲಿಲ್ಲ, ಈಗಷ್ಟೇ ತಾನೇ ಹೇಳಿದ ಮಾತು ಎಂದು ಓದಿತು. ನಾನು ಎರಡನೆಯ ಸಾಕ್ಷಿಯನ್ನು ಕರೆದೆ ಎಂದುಕೊಂಡಿದ್ದೆ. ನಿಜದಲ್ಲಿ ಮೊದಲ ಸಾಕ್ಷಿಯ ಹೇಳಿಕೆಯ ಕೆಳಗೆ ಎರಡನೆಯವನ ಸಹಿ ಹಾಕಿಸಿ, ನೀನು ಹೇಳಿದ್ದು ಸರಿ ತಾನೇ ಎಂದು ಕೇಳಿದ್ದೆ. ಅದು ಕೋಲೆಬಸವನಂತೆ ತಲೆಯಾಡಿಸಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಒಪ್ಪಿಗೆ ಎರಡು ಸಲ ದಾಖಲಾಗಿಹೋಗಿತ್ತು.

ಇಷ್ಟಾದರೂ ಮೂಲದ ಪಠ್ಯ ಎದುರಿಗಿದ್ದರೆ ಯಾವುದಾದರೊಂದು ತಪ್ಪು ಹಿಡಿಯಬಹುದಿತ್ತು ಎನ್ನುತ್ತೀರೇನೋ. ಎದುರಿಗೆ ಇರಲಿಲ್ಲ. ಲಾಗ್‌ನಲ್ಲಿ ಪ್ರತಿ ಕೋರಿಕೆಗೆ ಎಷ್ಟು ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಒಳಹೋಯಿತು ಎಂಬ ಅಂಕಣವಿದೆ. ಸಂಭಾಷಣೆ ಉದ್ದವಾಗುತ್ತ ಹೋದಂತೆ ಆ ಸಂಖ್ಯೆ ಏರಬೇಕು. ನನ್ನದರಲ್ಲಿ ಎರಡನೆಯ ಮತ್ತು ಮೂರನೆಯ ಕೋರಿಕೆಗೆ ಅದು ಮೊದಲಿನದರ ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಗೆಳತಿ ಆ ಅಂಕಿಯ ಮೇಲೆ ಬೆರಳಿಟ್ಟು "ಉಳಿದದ್ದು ಎಲ್ಲಿ ಹೋಯಿತು?" ಎಂದಳು.

ಕತ್ತರಿ ಬಿದ್ದಿತ್ತು. ಪ್ರತಿ ಮಾಡೆಲ್‌ಗೂ ಒಮ್ಮೆಗೆ ಓದಬಲ್ಲ ಪಠ್ಯಕ್ಕೆ ಮಿತಿಯಿದೆ, ಮತ್ತು ಆ ಮಿತಿಗಳಲ್ಲಿ ಆನೆಗೂ ಆಡಿಗೂ ಇರುವಷ್ಟು ಅಂತರವಿದೆ. 2023ರ ಮಾರ್ಚ್‌ನಲ್ಲಿ ಬಂದ ಓಪನ್‌ಎಐ ಸಂಸ್ಥೆಯ ಜಿಪಿಟಿ-4ರ ಸಾಮಾನ್ಯ ಆವೃತ್ತಿಗೆ 8,192 ಟೋಕನ್ ಮಿತಿಯಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಟರ್ಬೊ ಆವೃತ್ತಿಗೆ 1,28,000. 2024ರ ಫೆಬ್ರುವರಿಯಲ್ಲಿ ಗೂಗಲ್ ಪ್ರಕಟಿಸಿದ ಜೆಮಿನಿ 1.5 ಹತ್ತು ಲಕ್ಷದವರೆಗೂ ಹೋಯಿತು. ಆದರೆ ಆ್ಯಪ್‌ನ ಪಟ್ಟಿಯಲ್ಲಿ ಎಲ್ಲ ಹೆಸರುಗಳೂ ಒಂದೇ ಗಾತ್ರದ ಅಕ್ಷರದಲ್ಲಿ, ಅಣ್ಣತಮ್ಮಂದಿರಂತೆ ಕುಳಿತಿರುತ್ತವೆ. ದೊಡ್ಡ ಮಿತಿಯಿಂದ ಚಿಕ್ಕ ಮಿತಿಗೆ ಜಿಗಿದರೆ ಸಂಭಾಷಣೆ ಹಿಡಿಸುವುದಿಲ್ಲ. ಹಿಡಿಸುವುದಿಲ್ಲ ಎಂದು ನೇರವಾಗಿ ಹೇಳಿದ್ದರೆ ನನಗೆ ತಿಳಿಯುತ್ತಿತ್ತು. ಆ್ಯಪ್ ಸದ್ದಿಲ್ಲದೆ ನಡುವಿನ ಭಾಗವನ್ನು ತೆಗೆದು, ಮೊದಲನ್ನೂ ಕೊನೆಯನ್ನೂ ಜೋಡಿಸಿ ಕಳುಹಿಸಿತ್ತು. ತೆಗೆದ ಭಾಗದಲ್ಲಿ 14ನೇ ಪುಟವಿತ್ತು. ತಾನು ನೋಡಿಯೇ ಇಲ್ಲದ ಪುಟಕ್ಕೆ ಮಾಡೆಲ್ ಎರಡೂ ಸಲ ಸರಿ ಎಂಬ ಮುದ್ರೆ ಒತ್ತಿತ್ತು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಕತ್ತರಿ ಇನ್ನೂ ಬೇಗ ಬೀಳುತ್ತದೆ. ಮಾಡೆಲ್‌ಗಳು ಲೆಕ್ಕ ಹಾಕುವುದು ಪದಗಳನ್ನಲ್ಲ, ಟೋಕನ್‌ಗಳನ್ನು. ಯೂನಿಕೋಡ್‌ನಲ್ಲಿ "ಕ್ಷ" ಎಂಬ ಒಂದು ಅಕ್ಷರವೆಂದರೆ ಕ, ಅರ್ಧಾಕ್ಷರ ಮಾಡುವ ವಿರಾಮ ಎಂಬ ಗುರುತು, ಷ, ಹೀಗೆ ಮೂರು ಸಂಕೇತ. ಸಾಮಾನ್ಯವಾಗಿ ಬಳಸುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 9. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್. ಬೈಟ್‌ಗಳನ್ನು ಟೋಕನ್‌ಗಳಾಗಿ ಗುಂಪು ಮಾಡುವ ರೀತಿ ಪ್ರತಿ ಸಂಸ್ಥೆಯದೂ ಬೇರೆ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಸಂಸ್ಥೆ ಜಿಪಿಟಿ-4ಒ ಜೊತೆ ಹೊಸ ವಿಧಾನ ತಂದಾಗ, ಅವರೇ ಕೊಟ್ಟ ಉದಾಹರಣೆಯಲ್ಲಿ ತೆಲುಗಿನ ಒಂದು ಪಠ್ಯ 159 ಟೋಕನ್‌ಗಳಿಂದ 45ಕ್ಕೆ ಇಳಿಯಿತು. ಪಠ್ಯ ಅದೇ, ಅಳೆಯುವ ಸೇರು ಬೇರೆ. ಆದ್ದರಿಂದ ಒಂದು ಮಾಡೆಲ್‌ನಲ್ಲಿ ಆರಾಮವಾಗಿ ಹಿಡಿಸಿದ ಕನ್ನಡದ ಕಡತ ಇನ್ನೊಂದರಲ್ಲಿ ಹಿಡಿಸದೇ ಹೋಗಬಹುದು, ಮಿತಿಯ ಸಂಖ್ಯೆ ಎರಡರಲ್ಲೂ ಒಂದೇ ಆಗಿದ್ದರೂ.

ಇದಾದ ಮೇಲೆ ಲಾಗ್‌ನ ಕೊನೆಯ ಅಂಕಣಕ್ಕೆ ಬಂದೆವು. ಉತ್ತರಿಸಿದ ಮಾಡೆಲ್ ಎಂದು ಅದರ ತಲೆಬರಹ. ಎರಡನೆಯ ಮತ್ತು ಮೂರನೆಯ ಸಾಲಿನಲ್ಲಿ ಒಂದೇ ಹೆಸರು. ಪಟ್ಟಿಯಿಂದ ನಾನು ಆರಿಸಿದ್ದು ಎರಡು ಬೇರೆ ಹೆಸರುಗಳನ್ನು, ಪರದೆಯ ಮೇಲೂ ಕಾಣುತ್ತಿದ್ದದ್ದು ಅವೇ. ಸೆಟ್ಟಿಂಗ್‌ನ ಮೂರನೆಯ ಪುಟದ ತಳದಲ್ಲಿ, ಆರಿಸಿದ ಮಾಡೆಲ್ ಸಿಗದಿದ್ದರೆ ಬದಲಿ ಬಳಸು ಎಂಬ ಗುಂಡಿಯೊಂದಿತ್ತು, ಮೊದಲಿನಿಂದಲೇ ಒತ್ತಿಟ್ಟದ್ದು. ಆ ಹೊತ್ತಿನಲ್ಲಿ ನಾನು ಆರಿಸಿದ ಎರಡನೆಯದರ ಮೇಲೆ ಒತ್ತಡ ಹೆಚ್ಚಿತ್ತು, ಬದಲಿ ಬಂದು ಉತ್ತರ ಕೊಟ್ಟುಹೋಗಿತ್ತು. ಆ ಬದಲಿಯೇ ಆಮೇಲೆ ನಾನು ಆರಿಸಿದ ಮೂರನೆಯದು. ನನ್ನ ಮೂವರು ಸಾಕ್ಷಿಗಳು ಇಬ್ಬರಾದರು, ಅವರಲ್ಲೂ ಒಬ್ಬ ಇನ್ನೊಬ್ಬನ ಹೇಳಿಕೆಯನ್ನೇ ಓದಿದವನು.

ನೀನು ಯಾವ ಮಾಡೆಲ್ ಎಂದು ಅದನ್ನೇ ಕೇಳಿದರೆ ಆಗದೇ ಎಂದು ಕೆಲವರು ಹೇಳುತ್ತಾರೆ. ಅದರಿಂದ ಪ್ರಯೋಜನವಿಲ್ಲ. ತರಬೇತಿಯಲ್ಲಿ ಕಂಡದ್ದು, ಆ್ಯಪ್ ಕಿವಿಯಲ್ಲಿ ಊದಿದ್ದು, ಇವೆರಡನ್ನು ಬಿಟ್ಟು ತನ್ನ ಬಗ್ಗೆ ಅದಕ್ಕೆ ಬೇರೇನೂ ಗೊತ್ತಿರುವುದಿಲ್ಲ. ಲಾಗ್ ಒಂದೇ ನಂಬಬಹುದಾದದ್ದು. ಲಾಗ್ ತೋರಿಸದ ಆ್ಯಪ್ ಆಗಿದ್ದರೆ ಈ ಕಥೆ ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬದಲಿ ವ್ಯವಸ್ಥೆ ಕೆಟ್ಟದ್ದಲ್ಲ. ಸಾವಿರಾರು ಕೋರಿಕೆ ಕಳುಹಿಸುವ ತಂತ್ರಾಂಶಕ್ಕೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬೇಕೇ ಬೇಕು. ನಾನೂ ಆ ಆ್ಯಪ್ ಅನ್ನು ಬಿಟ್ಟಿಲ್ಲ. ಹೇಳದೆ ಬದಲಿಸಿದ್ದಕ್ಕೆ ನನ್ನ ಸಿಟ್ಟು.

ಪದಗಳ ಅವಾಂತರವೂ ಆಯಿತು. ಅರವತ್ತು ಪದಗಳ ಪಾರಿಭಾಷಿಕ ಪಟ್ಟಿಯೊಂದನ್ನು ಸಿಸ್ಟಮ್ ಸೂಚನೆಯಾಗಿ, ಎಂದರೆ ಇಡೀ ಸಂಭಾಷಣೆಗೆ ಅನ್ವಯಿಸುವ ನಿರ್ದೇಶನವಾಗಿ, ಕೊಟ್ಟಿದ್ದೆ. ಈ ಸೂಚನೆಯನ್ನು ಒಂದೊಂದು ಸಂಸ್ಥೆ ಒಂದೊಂದು ಕಡೆ ಇಡಬೇಕೆನ್ನುತ್ತದೆ. ಓಪನ್‌ಎಐ ಮಾದರಿಯ ಎಪಿಐನಲ್ಲಿ (ತಂತ್ರಾಂಶಗಳು ಮಾಡೆಲ್ ಜೊತೆ ಮಾತಾಡುವ ದಾರಿ) ಅದು ಮಾತುಗಳ ಸಾಲಿನೊಳಗೇ ಒಂದು ಮಾತು, ಆಂಥ್ರಾಪಿಕ್‌ನ ಎಪಿಐನಲ್ಲಿ ಸಾಲಿನ ಹೊರಗಿನ ಪ್ರತ್ಯೇಕ ಅಂಕಣ. ನಡುವಿನ ಆ್ಯಪ್ ಸರಿಯಾಗಿ ಸಾಗಿಸಿದರೆ ಸರಿ. ನನ್ನದು ಒಂದು ಮಾಡೆಲ್‌ಗೆ ಸಾಗಿಸುವಾಗ ಪಟ್ಟಿಯನ್ನು ಕೈಬಿಟ್ಟಿತ್ತು. ನಲವತ್ತನೆಯ ಪುಟದವರೆಗೆ ಟರ್ಮಿನಲ್ (ತಂತಿ ಜೋಡಿಸುವ ಜಾಗ) ಎಂದೇ ಇದ್ದ ಪದ ಆಮೇಲೆ ಏನಾಯಿತು ಗೊತ್ತೇ? "ತಂತಿಯನ್ನು ಕೊನೆಯ ನಿಲ್ದಾಣಕ್ಕೆ ಬಿಗಿಯಾಗಿ ಜೋಡಿಸಿ." ಎಂಜಿನಿಯರ್ ಇದಕ್ಕೆ ಮಾತ್ರ ನಕ್ಕರು.

ಉತ್ತರ ಎಷ್ಟು ಬದಲಾಗುತ್ತ ಬರಬೇಕು ಎಂದು ನಿಗದಿಪಡಿಸುವ ಟೆಂಪರೇಚರ್ ಎಂಬ ಗುಂಡಿಯದೂ ಇದೇ ಹಾಡು. ಕೆಲವು ಕಡೆ ಅದು 0ಯಿಂದ 2ರವರೆಗೆ, ಕೆಲವು ಕಡೆ 0ಯಿಂದ 1ರವರೆಗೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಓ1 ಪ್ರಿವ್ಯೂನಂಥ ಮಾಡೆಲ್‌ನಲ್ಲಿ ಅದನ್ನು ಬದಲಿಸಲಿಕ್ಕೇ ಬಿಡುತ್ತಿರಲಿಲ್ಲ. ಆ್ಯಪ್‌ನ ಪರದೆಯಲ್ಲಿ ಗುಂಡಿ ಮಾತ್ರ ಎಲ್ಲಕ್ಕೂ ಒಂದೇ. ತಿರುಗಿಸಿದರೆ ತಿರುಗುತ್ತದೆ, ಕೆಲವು ಮಾಡೆಲ್‌ಗಳಲ್ಲಿ ಹಿಂದೆ ಏನೂ ಜೋಡಿಸಿರುವುದಿಲ್ಲ.

ಹಣದ ಲೆಕ್ಕ ನೋಡಿದರೆ, ಮುಂಗಡ ತುಂಬಿಸಿದ್ದ ಕ್ರೆಡಿಟ್ ನಾಲ್ಕು ದಿನಕ್ಕೇ ಬರಿದಾಗಿತ್ತು. ಒಂದೇ ಮಾಡೆಲ್ ಜೊತೆ ಮಾತು ಮುಂದುವರಿಸಿದರೆ ಮತ್ತೆ ಮತ್ತೆ ಕಳುಹಿಸುವ ಹಳೆಯ ಭಾಗವನ್ನು ಹಲವು ಸಂಸ್ಥೆಗಳು ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇಟ್ಟುಕೊಂಡು ಅಗ್ಗಕ್ಕೆ ಓದುತ್ತವೆ. ಮಾಡೆಲ್ ಬದಲಿಸಿದ ಕ್ಷಣ ಆ ಸಂಗ್ರಹ ಕೆಲಸಕ್ಕೆ ಬರುವುದಿಲ್ಲ, ತೊಂಬತ್ತು ಪುಟಕ್ಕೂ ಪೂರ್ತಿ ದರ. ನಾನು ದಿನಕ್ಕೆ ಇಪ್ಪತ್ತು ಸಲ ಬದಲಿಸುತ್ತಿದ್ದೆ.

ಇವೆಲ್ಲಕ್ಕಿಂತ ಕಹಿಯಾದದ್ದು ಆಮೇಲೆ ಬರೆಯಬೇಕಾಗಿ ಬಂದ ಒಂದು ಪತ್ರ. ಕೈಪಿಡಿ ಇನ್ನೂ ಬಿಡುಗಡೆಯಾಗದ ಉಪಕರಣದ್ದು, ಗೋಪ್ಯವಾಗಿಡುತ್ತೇನೆಂದು ಸಹಿ ಹಾಕಿದ್ದೆ. ಅದನ್ನು ಯಾರು ಯಾರು ನೋಡಿರಬಹುದು ಎಂದು ಕಂಪನಿ ಕೇಳಿತು. ನಡುವಿನ ಆ್ಯಪ್, ನಾನು ಆರಿಸಿದ ಮಾಡೆಲ್‌ಗಳ ಸಂಸ್ಥೆಗಳು, ಎರಡನೆಯದರ ಜಾಗದಲ್ಲಿ ನಾನು ಆರಿಸದೇ ಇದ್ದರೂ ಬಂದ ಬದಲಿಯನ್ನು ನಡೆಸುವವರು. ಕೊನೆಯವರ ಷರತ್ತುಗಳನ್ನು ನಾನು ಓದಿಯೇ ಇರಲಿಲ್ಲ. ಉಚಿತವಾಗಿ ಸಿಗುವ ಕೆಲವು ಮಾಡೆಲ್‌ಗಳಿಗೆ, ನೀವು ಕಳುಹಿಸಿದ್ದನ್ನು ತರಬೇತಿಗೆ ಬಳಸಬಹುದು ಎಂಬ ಷರತ್ತು ಇರುತ್ತದೆ. ನನ್ನ ಬದಲಿಗೆ ಅದು ಇರಲಿಲ್ಲ ಎಂದು ಓದಿ ಖಚಿತಪಡಿಸಿಕೊಳ್ಳುವವರೆಗೆ ಎರಡು ದಿನ ಅನ್ನ ಸೇರಲಿಲ್ಲ.

ಈಗ ಬದಲಿಯ ಗುಂಡಿಯನ್ನು ಆಫ್ ಮಾಡಿದ್ದೇನೆ, ಕತ್ತರಿಸುವ ಬದಲು ದೋಷ ತೋರಿಸು ಎಂಬುದನ್ನು ಒತ್ತಿದ್ದೇನೆ. ಪರೀಕ್ಷೆ ಬೇಕಾದರೆ ಹಳೆಯ ಸಂಭಾಷಣೆಯಲ್ಲಿ ಹೆಸರು ಬದಲಿಸುವುದಿಲ್ಲ. ಪ್ರತಿ ಮಾಡೆಲ್‌ಗೂ ಹೊಸ ಸಂಭಾಷಣೆ ತೆರೆದು, ಬೇಕಾದ ಒಂದು ಪುಟವನ್ನಷ್ಟೇ ಅಂಟಿಸಿ, ಯಾವ ಉತ್ತರವನ್ನೂ ತೋರಿಸದೆ, "ಇದರಲ್ಲಿರುವ ಸಂಖ್ಯೆಗಳನ್ನು ಸಾಲಾಗಿ ಬರೆ" ಎನ್ನುತ್ತೇನೆ. ಸರಿಯೇ ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. ಬಂದ ಪಟ್ಟಿಗಳನ್ನು ಮೂಲದ ಪುಟದ ಪಕ್ಕದಲ್ಲಿಟ್ಟು ನಾನೇ ನೋಡುತ್ತೇನೆ.

ಕಳೆದ ವಾರ ಅದೇ ಕೈಪಿಡಿಯ 31ನೇ ಪುಟಕ್ಕೆ ಹೀಗೆ ಮಾಡಿದಾಗ ಮೂರರಲ್ಲಿ ಎರಡು, ಟರ್ಮಿನಲ್ ಸ್ಕ್ರೂ ಬಿಗಿಸುವ ತಿರುಗುಬಲ (ಟಾರ್ಕ್) 12 ನ್ಯೂಟನ್ ಮೀಟರ್ ಎಂದವು. ಮೂರನೆಯದು 12 ಮತ್ತು 1.2 ಎರಡನ್ನೂ ಬರೆಯಿತು. ಪುಟ ತೆರೆದೆ. ಕೋಷ್ಟಕದಲ್ಲಿ 12, ಅದರ ಕೆಳಗಿನ ಟಿಪ್ಪಣಿಯಲ್ಲಿ 1.2. ಎಂಜಿನಿಯರ್‌ಗೆ ಕರೆ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಹಾಳೆ ತಿರುಗಿಸುವ ಸದ್ದು. "1.2 ಸರಿ ಮೇಡಂ. 12ಕ್ಕೆ ಬಿಗಿಸಿದರೆ ಸ್ಕ್ರೂ ಮುರಿದು ಕೈಗೆ ಬರುತ್ತದೆ. ಇಂಗ್ಲಿಷಿನದ್ದೇ ತಪ್ಪು, ನಾವು ಯಾರೂ ನೋಡಿರಲಿಲ್ಲ."