ವಾಪಸ್ ಬಂದ ಎಂಜಿನ್ ನನ್ನದಲ್ಲ: ಮಾಡೆಲ್ ರೈಲು ಸಾಮಾನು ಮಾರುವವರಿಗೆ

ಕಪಾಟಿನಲ್ಲಿ ಸುಮ್ನೆ ಬಿದ್ದಿರುವ ಮಾಡೆಲ್ ರೈಲು ಸಾಮಾನನ್ನು ಇನ್ನೊಬ್ಬ ಹವ್ಯಾಸಿಗೆ ಮಾರೋಣ ಅಂತ ಯೋಚಿಸುತ್ತಿದ್ದೀರಾ? ಪ್ಯಾಕ್ ಮಾಡುವ ಮೊದಲು ಇದನ್ನೊಮ್ಮೆ ಓದಿ. ಹೀಗೆ ಮಾರಲು ಹೋಗಿ ನಾನು ಒಂದು ಒಳ್ಳೆಯ ಡೀಸೆಲ್ ಎಂಜಿನ್ ಕಳೆದುಕೊಂಡೆ. ಪೂರ್ತಿ ಅಲ್ಲ, ಅರ್ಧ. ಅರ್ಧ ಎಂಜಿನ್ ಕಳೆದುಕೊಳ್ಳುವುದು ಹೇಗೆ ಅಂತ ನನಗೂ ಆಗಲೇ ಗೊತ್ತಾಗಿದ್ದು.

ನಾನು ತುಂಬಾ ವರ್ಷ ಎಚ್‌ಒ ಸ್ಕೇಲಿನಲ್ಲಿದ್ದವನು, ಅಂದರೆ 1:87, ನಿಜವಾದ ರೈಲಿನ 87ನೇ ಒಂದು ಭಾಗದ ಅಳತೆ. ಜಾಗ ಸಾಲದೆ 1:160ರ ಎನ್ ಸ್ಕೇಲಿಗೆ ಇಳಿದೆ. 16.5 ಮಿ.ಮೀ. ಅಂತರದ ಹಳಿ ಹೋಗಿ 9 ಮಿ.ಮೀ. ಅಂತರದ ಹಳಿ ಬಂತು. ಹಳೆಯದೆಲ್ಲ ಡಬ್ಬ ಸೇರಿತು. ನಾಲ್ಕು ಎಂಜಿನ್, ಹನ್ನೆರಡು ವ್ಯಾಗನ್, ಒಂದು ಮೂಟೆ ಕೋಡ್ 100 ಹಳಿ (0.1 ಇಂಚು ಎತ್ತರದ್ದು), ಒಂದು ಡಬ್ಬಿ ತುಂಬ ಕಪ್ಲರ್ (ಎಂಜಿನ್, ವ್ಯಾಗನ್ ಜೋಡಿಸುವ ಕೊಂಡಿ), ಮತ್ತೆ ‘ಮುಂದಿನ ರಜೆಯಲ್ಲಿ ಕಟ್ಟುತ್ತೇನೆ’ ಅಂತ ತಂದು ಬಿಚ್ಚದೇ ಇಟ್ಟಿದ್ದ ಮರದ ಕಟ್ಟಡಗಳ ಕಿಟ್‌ಗಳು. ಈ ಹವ್ಯಾಸದಲ್ಲಿ ಕಟ್ಟುವುದಕ್ಕಿಂತ ಕೊಳ್ಳುವುದೇ ಜಾಸ್ತಿ. ಇದು ಎಲ್ಲರಿಗೂ ಗೊತ್ತಿದೆ, ಯಾರೂ ಒಪ್ಪಿಕೊಳ್ಳುವುದಿಲ್ಲ.

ಮೊದಲ ಕೆಲವು ಮಾರಾಟ ಸಲೀಸಾಗಿ ಆದವು. ಒಂದು ತಪ್ಪಂತೂ ನನ್ನದೇ. ಒಂದು ಬ್ರಿಟಿಷ್ ಎಂಜಿನ್ನನ್ನು ಎಚ್‌ಒ ಅಂತ ಬರೆದು ಮಾರಿದೆ. ಅದು ಒಒ ಆಗಿತ್ತು. ಒಒ ಅಂದರೆ 1:76, ಆದರೆ ಓಡುವುದು ಅದೇ 16.5 ಮಿ.ಮೀ. ಹಳಿಯ ಮೇಲೆ. ಹಳಿಯ ಮೇಲೆ ಚೆನ್ನಾಗಿ ಕೂತಿತಲ್ಲ, ಎಚ್‌ಒ ಇರಬೇಕು ಅಂದುಕೊಂಡಿದ್ದೆ. ಕೊಂಡವರು ತಮ್ಮ ವ್ಯಾಗನ್ನಿನ ಪಕ್ಕ ನಿಲ್ಲಿಸಿ ಫೋಟೊ ಕಳಿಸಿದರು. ಎಂಜಿನ್ ಅಣ್ಣನ ಹಾಗೆ ನಿಂತಿತ್ತು. ಕ್ಷಮೆ ಕೇಳಿ, ಅಂಚೆ ಖರ್ಚೂ ಸೇರಿಸಿ ದುಡ್ಡು ವಾಪಸ್ ಕೊಟ್ಟೆ. ಅವರು ಎಂಜಿನ್ನನ್ನು ಕಳಿಸಿದ್ದಕ್ಕಿಂತ ಚೆನ್ನಾಗಿ ಪ್ಯಾಕ್ ಮಾಡಿ ಹಿಂತಿರುಗಿಸಿದರು. ‘ರೈಲಿನವರು ಒಳ್ಳೆಯವರಪ್ಪ’ ಅಂತ ಆಗಲೇ ನನ್ನ ತಲೆಯಲ್ಲಿ ಕೂತುಬಿಟ್ಟಿತು ಅಂತ ಕಾಣುತ್ತದೆ.

ಆಮೇಲೆ ಬಂದವನು ಈ ಆಸಾಮಿ.

ಮಾರುವ-ಕೊಳ್ಳುವ ಒಂದು ಸೈಟಿನಲ್ಲಿ ಮಾರಾಟಕ್ಕೆ ಇಟ್ಟಿದ್ದು ನನ್ನ ಅಚ್ಚುಮೆಚ್ಚಿನ ಡೀಸೆಲ್. ಆರು ಆಕ್ಸಲ್, ಎರಡು ಫ್ಲೈವೀಲ್, ಡಿಕೋಡರ್ ಕೂರಿಸುವ 21 ಪಿನ್ನಿನ ಬೋರ್ಡು, ಒಳಗೆ ಸೌಂಡ್ ಡಿಕೋಡರ್, ಅಂದರೆ ಎಂಜಿನ್ನಿನ ಓಟ ಮತ್ತು ಸದ್ದನ್ನು ನಿಯಂತ್ರಿಸುವ ಸಣ್ಣ ಸರ್ಕ್ಯೂಟ್. ಎರಡು ಸಂಜೆ ಕೂತು ಅದಕ್ಕೆ ಬಣ್ಣದ ಪುಡಿ ಉಜ್ಜಿ, ಹೊಗೆ ಹಿಡಿದ ಹಾಗೆ, ಮಳೆಯಲ್ಲಿ ನೆನೆದು ಒಣಗಿದ ಹಾಗೆ ಮಾಡಿದ್ದೆ. ಕಪ್ಲರ್‌ಗಳಿಗೂ ತುಕ್ಕಿನ ಬಣ್ಣ ಬಳಿದಿದ್ದೆ.

ಆಸಾಮಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. ‘ಸರ್, ಇದು ಹಳೆಯ ಬ್ಯಾಚಾ, ಹೊಸದಾ? ಬೋರ್ಡು 8 ಪಿನ್ನಾ, 21 ಪಿನ್ನಾ? ಗೇರ್ ಯಾವತ್ತಾದರೂ ಬದಲಾಯಿಸಿದ್ದೀರಾ? ಬಾಡಿ ತೆಗೆದು ಚಾಸಿ ಫೋಟೊ ಒಂದು ಕಳಿಸ್ತೀರಾ?’ ಇಷ್ಟು ತಿಳಿದವನು ಸಿಕ್ಕನಲ್ಲ ಅಂತ ನನಗೆ ಖುಷಿಯೇ ಖುಷಿ. ರಾತ್ರಿ ಕೂತು ಸ್ಕ್ರೂ ಬಿಚ್ಚಿ, ಬಾಡಿ ಪಕ್ಕಕ್ಕಿಟ್ಟು, ಮೋಟಾರು, ಗೇರು, ಚಕ್ರಗಳಿರುವ ಚಾಸಿಯ ಫೋಟೊ ತೆಗೆದು ಕಳಿಸಿದೆ.

ಈಗ ಆ ಮಾತುಕತೆ ತಿರುಗಿ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಎರಡು ಸಂಜೆ ಕೂತು ಮಾಡಿದ ಬಣ್ಣದ ಬಗ್ಗೆ ಆತ ಒಂದು ಮಾತೂ ಕೇಳಿರಲಿಲ್ಲ. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅನ್ನಲಿಲ್ಲ, ಎಂಜಿನ್ ನಂಬರ್ ಕೂಡ ಕೇಳಲಿಲ್ಲ. ಕೇಳಿದ್ದೆಲ್ಲ ಚಾಸಿಯ ಬಗ್ಗೆ. ಅವನಿಗೆ ಬೇಕಿದ್ದುದು ಎಂಜಿನ್ ಅಲ್ಲ, ಅದರ ಹೊಟ್ಟೆ.

ಇನ್ನೊಂದು ಮಾತೂ ಬಂತು. ‘ಸೈಟ್ ಮೂಲಕ ಯಾಕೆ ಸರ್, ನಾವಿಬ್ಬರೇ ಮಾತಾಡಿಕೊಳ್ಳೋಣ. ಕಮಿಷನ್ ಉಳಿಯುತ್ತೆ ಅಲ್ವಾ.’ ಉಳಿಯುತ್ತೆ ಅಂತ ನಾನೂ ಒಪ್ಪಿದೆ. ಈ ತಪ್ಪನ್ನು ಅವನ ತಲೆಗೆ ಕಟ್ಟಲಾರೆ. ಆಸೆ ನನ್ನದೇ.

ದುಡ್ಡು ಸರಿಯಾಗಿ ಬಂತು. ಎಂಜಿನ್ ಹೋಯಿತು. ತಲುಪಿದ ನಾಲ್ಕನೇ ದಿನ ಒಂದು ವಿಡಿಯೊ ಬಂತು. ಎಂಜಿನ್ ನಿಧಾನಕ್ಕೆ ಓಡುತ್ತಿದೆ, ಚಕ್ರದ ಒಂದೊಂದು ಸುತ್ತಿಗೂ ‘ಟಕ್... ಟಕ್...’ ಅಂತ ಕುಪ್ಪಳಿಸುತ್ತಿದೆ. ‘ಆಕ್ಸಲ್ ಗೇರ್ ಒಡೆದಿದೆ ಸರ್. ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ತಪ್ಪಲ್ಲ. ವಾಪಸ್ ಕಳಿಸ್ತೀನಿ.’

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಮೋಸದ ಜೀವಾಳ ಇದೇ. ಹಳೆಯ ಎಂಜಿನ್‌ಗಳಲ್ಲಿ ಆಕ್ಸಲ್ ಗೇರ್ ಒಡೆಯುವುದು ನಿಜವಾಗಿಯೂ ಆಗುವ ತೊಂದರೆ. ಲೋಹದ ಆಕ್ಸಲ್ ಮೇಲೆ ಪ್ಲಾಸ್ಟಿಕ್ ಗೇರನ್ನು ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಆ ಬಿಗಿತ ವರ್ಷಗಟ್ಟಲೆ ಹಾಗೇ ಇರುತ್ತದೆ. ಒಂದು ದಿನ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಜಾಗದಲ್ಲಿ ಹಲ್ಲುಗಳ ಅಂತರ ಹಿಗ್ಗುತ್ತದೆ. ಪಕ್ಕದ ಗೇರಿನ ಹಲ್ಲು ಅಲ್ಲಿಗೆ ಬಂದಾಗಲೆಲ್ಲ ಎಡವುತ್ತದೆ. ಟಕ್. ಎಂಜಿನ್ ಓಡಿಸದೆ ಡಬ್ಬದಲ್ಲೇ ಇಟ್ಟಿದ್ದರೂ ಇದು ಆಗಬಹುದು. ಹಾಗಾಗಿ ಆತ ಹೇಳಿದ್ದನ್ನು ನಂಬದಿರಲು ನನಗೆ ಕಾರಣವೇ ಇರಲಿಲ್ಲ. ‘ಛೆ, ಹಾಳಾದ್ದು ಒಡೆದೇ ಬಿಟ್ಟಿತಲ್ಲ’ ಅಂದುಕೊಂಡೆ. ಅಷ್ಟೇ ಅಲ್ಲ, ಪಾರ್ಸೆಲ್ ಬರುವ ಮೊದಲೇ ದುಡ್ಡು ಹಾಕಿಬಿಟ್ಟೆ. ಹಿಂದಿನವರ ಜೊತೆ ನಡೆದ ವ್ಯವಹಾರ ಅಷ್ಟು ಚೆನ್ನಾಗಿತ್ತು ನೋಡಿ.

ಪಾರ್ಸೆಲ್ ಬಂತು. ಡಬ್ಬ ನನ್ನದು. ಬಾಡಿ ನನ್ನದು, ಸಂಶಯವೇ ಇಲ್ಲ. ನನ್ನ ಬಣ್ಣದ ಪುಡಿ, ಕ್ಯಾಬಿನ ಕಿಟಕಿಯ ಕೆಳಗೆ ನಾನೇ ಮಾಡಿದ ಸಣ್ಣ ಗೀರು, ಎಲ್ಲ ಇದೆ. ತಿರುಗಿಸಿದೆ. ಕಪ್ಲರ್ ಕಪ್ಪಗೆ ಹೊಳೆಯುತ್ತಿತ್ತು. ನಾನು ಬಳಿದ ತುಕ್ಕು ಎಲ್ಲಿ? ಚಕ್ರಗಳ ಸುತ್ತ ಕರಿ ಕೊಳೆಯ ಗಟ್ಟಿ ಉಂಗುರ ಕಟ್ಟಿತ್ತು. ನಾನು ಕಳಿಸುವ ಹಿಂದಿನ ದಿನವಷ್ಟೇ ಸ್ಪಿರಿಟ್ ಹಚ್ಚಿ ಒರೆಸಿದ್ದ ಚಕ್ರಗಳು. ನಾಲ್ಕು ದಿನದಲ್ಲಿ ಅಷ್ಟು ಕೊಳೆ ಹಿಡಿಯಬೇಕಾದರೆ ಹಗಲೂ ರಾತ್ರಿ ಓಡಿಸಬೇಕು.

ಸ್ಕ್ರೂ ಬಿಚ್ಚಿದೆ. ಒಳಗೆ 8 ಪಿನ್ನಿನ ಬೋರ್ಡು.

ಡಿಕೋಡರ್ ಓದಲು ಬಳಸುವ ಪ್ರೋಗ್ರಾಮಿಂಗ್ ಹಳಿಯ ಮೇಲಿಟ್ಟು ಸಿವಿ 8 ಓದಿದೆ. ಡಿಸಿಸಿ (ಎಂಜಿನ್‌ಗಳನ್ನು ಡಿಜಿಟಲ್ ಆಗಿ ಓಡಿಸುವ ವ್ಯವಸ್ಥೆ) ಬಳಸದವರಿಗೆ ಹೇಳಿಬಿಡುತ್ತೇನೆ: ಡಿಕೋಡರಿನೊಳಗೆ ನಂಬರ್ ಹಚ್ಚಿದ ಖಾನೆಗಳಿರುತ್ತವೆ, ಅವಕ್ಕೆ ಸಿವಿ ಅನ್ನುತ್ತಾರೆ. ಎಂಟನೆಯದರಲ್ಲಿ ಡಿಕೋಡರ್ ಮಾಡಿದ ಕಂಪನಿಯ ನಂಬರ್ ಇರುತ್ತದೆ. ಎಂಜಿನ್ ವಿಳಾಸ (ಅದನ್ನು ಕರೆಯುವ ನಂಬರ್) ಬದಲಾಯಿಸಬಹುದು, ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಬಹುದು, ಈ ನಂಬರ್ ಮಾತ್ರ ಬದಲಾಗುವುದಿಲ್ಲ. ನನ್ನ ಡಿಕೋಡರ್ ಇಎಸ್‌ಯು ಕಂಪನಿಯದ್ದು, ಅದರ ನಂಬರ್ 151. ಪರದೆಯಲ್ಲಿ ಬಂದದ್ದು 129, ಅಂದರೆ ಡಿಜಿಟ್ರ್ಯಾಕ್ಸ್ ಅನ್ನುವ ಬೇರೆ ಕಂಪನಿ. ವಿಳಾಸ 3, ಕಾರ್ಖಾನೆಯಿಂದ ಬಂದಾಗ ಇರುವಂಥದ್ದೇ.

ಅದೇ ಮಾಡೆಲ್ಲಿನ ಹಳೆಯ ಬ್ಯಾಚಿನ ಎಂಜಿನ್ ಅವನ ಹತ್ತಿರ ಇತ್ತು, ಗೇರ್ ಒಡೆದದ್ದು. ನನ್ನ ಚಾಸಿ ತೆಗೆದುಕೊಂಡು, ತನ್ನ ಚಾಸಿಗೆ ನನ್ನ ಬಾಡಿ ತೊಡಿಸಿ, ವಿಡಿಯೊ ಮಾಡಿ ವಾಪಸ್ ಕಳಿಸಿದ. ಆ ವಿಡಿಯೊ ಮತ್ತೆ ಹಾಕಿ ನೋಡಿದೆ. ಅದರಲ್ಲೇ ಕಪ್ಲರ್ ಫಳಫಳ ಹೊಳೆಯುತ್ತಿದೆ! ನಾನು ‘ಟಕ್ ಟಕ್’ ಕೇಳಿಸಿಕೊಳ್ಳುತ್ತಾ ಕೂತಿದ್ದೆ, ಕಣ್ಣು ಬಿಟ್ಟು ನೋಡಿರಲಿಲ್ಲ.

ಕೇಳಿದರೆ ಆಸಾಮಿ ಮೆತ್ತಗೆ ಉತ್ತರ ಕೊಟ್ಟ. ‘ನೀವು ಕಳಿಸಿದ್ದೇ ಇದು ಸರ್.’ ಚಾಸಿಯ ಫೋಟೊ ತೋರಿಸಿದೆ, ಅವನೇ ಕೇಳಿ ತರಿಸಿಕೊಂಡ ಫೋಟೊ. ‘ಅದು ಬೇರೆ ಯಾವುದೋ ಚಾಸಿ ಇರಬಹುದು, ಬಾಡಿ ಎಲ್ಲಿದೆ ಅದರಲ್ಲಿ?’ ಅಂದ. ಮಾತಿಗೆ ಉತ್ತರವಿರಲಿಲ್ಲ. ಚಾಸಿ ಚೆನ್ನಾಗಿ ಕಾಣಲಿ ಅಂತ ಬಾಡಿಯನ್ನು ಪಕ್ಕಕ್ಕೆ ಸರಿಸಿ ಫೋಟೊ ತೆಗೆದವನು ನಾನೇ. ಆ ಫೋಟೊದಲ್ಲಿರುವುದು ಒಂದು ಚಾಸಿ, ಯಾರದ್ದೂ ಆಗಬಹುದು.

ಸೈಟಿಗೆ ದೂರು ಕೊಡೋಣ ಅಂದರೆ ವ್ಯವಹಾರ ಸೈಟಿನಲ್ಲಿ ಆಗಿಲ್ಲ. ಪರಿಚಯದ ಹವ್ಯಾಸಿಗಳ ಮುಂದೆ ಹೇಳಿಕೊಂಡೆ. ಅರ್ಧ ಜನ ಅಯ್ಯೋ ಅಂದರು. ಇನ್ನರ್ಧ ಜನ ‘ಗೇರ್ ತಾನಾಗೇ ಒಡೆಯುತ್ತಲ್ಲ’ ಅಂದರು. ಅವರದ್ದೂ ಸುಳ್ಳಲ್ಲ, ಅದೇ ಕಷ್ಟ.

ನಮ್ಮ ಸಾಮಾನಿಗೆ ವಯಸ್ಸಾದ ಹಾಗೆ ಹೊಸ ಹೊಸ ಕಾಯಿಲೆ ಬರುತ್ತವೆ. ಸತುವಿನ ಎರಕದ ಚೌಕಟ್ಟುಗಳಲ್ಲಿ ಸೀಸದ ಅಂಶ ಸೇರಿದ್ದರೆ ಅದು ವರ್ಷಗಳ ಮೇಲೆ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಕೈಯಲ್ಲೇ ಪುಡಿಯಾಗುತ್ತದೆ. ಅದಕ್ಕೆ ಔಷಧವಿಲ್ಲ. ಹಳೆಯ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಅಕ್ಷರ, ಚಿತ್ರ) ನೀರಿಗೆ ಹಾಕಿದ ಕೂಡಲೇ ಚೂರುಚೂರಾಗುತ್ತದೆ. ಹಿತ್ತಾಳೆ ಎಂಜಿನ್‌ಗಳ ಹಳೆಯ ಡಬ್ಬದಲ್ಲಿನ ಫೋಮ್ ಕರಗಿ ಅಂಟಾಗಿ ಬಣ್ಣಕ್ಕೆ ಹತ್ತಿಕೊಳ್ಳುತ್ತದೆ. ಇದೆಲ್ಲ ನಿಜವಾಗಿ ಆಗುವುದರಿಂದಲೇ ಕೊಂಡವನು ಏನೇ ಹೇಳಿದರೂ ನಂಬುವ ಹಾಗಿರುತ್ತದೆ. ಏನೂ ಗೊತ್ತಿಲ್ಲದ ಕಳ್ಳನನ್ನು ಹೇಗಾದರೂ ಹಿಡಿಯಬಹುದು. ಗೇರಿನ ಹಲ್ಲು ಎಣಿಸಬಲ್ಲ ಕಳ್ಳನನ್ನು ಹಿಡಿಯುವುದು ಕಷ್ಟ.

ಈಗ ನಾನು ಮಾರುವ ರೀತಿ ಬದಲಾಗಿದೆ. ಬಾಡಿ ಮತ್ತು ಚಾಸಿ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಫೋಟೊದಲ್ಲಿ, ಎಂಜಿನ್ ನಂಬರ್ ಕಾಣುವ ಹಾಗೆ ತೆಗೆಯುತ್ತೇನೆ. ಹೊಟ್ಟೆಯ ಕಡೆಯದ್ದೂ ಒಂದು, ಚಕ್ರ ಮತ್ತು ಕಪ್ಲರ್ ಸ್ಪಷ್ಟವಾಗಿ ಕಾಣಬೇಕು. ಆಮೇಲೆ ಹಳಿಯ ಮೇಲೆ ಅತಿ ನಿಧಾನಕ್ಕೆ ಓಡಿಸಿ, ಸಿವಿ 8 ಓದಿ ಪರದೆ ತೋರಿಸಿ, ಎಂಜಿನ್ ಎತ್ತಿ ಡಬ್ಬದಲ್ಲಿಟ್ಟು ಟೇಪ್ ಹಾಕುವವರೆಗೆ ನಡುವೆ ನಿಲ್ಲಿಸದೆ ವಿಡಿಯೊ. ವೇಗವಾಗಿ ಓಡಿಸಿದರೆ ಗೇರಿನ ಸದ್ದು ಮುಚ್ಚಿಹೋಗುತ್ತದೆ, ಅದಕ್ಕೇ ನಿಧಾನ. ಚೌಕಟ್ಟಿನಲ್ಲಿ, ಮೋಟಾರಿನ ಕೆಳಗೆ, ಸೂಜಿಯಿಂದ ಒಂದು ಚುಕ್ಕೆ ಕೊರೆಯುತ್ತೇನೆ. ಅದನ್ನು ಹತ್ತಿರದಿಂದ ಫೋಟೊ ತೆಗೆದು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಕೊಳ್ಳುವವರಿಗೆ ಹೇಳುವುದಿಲ್ಲ. ಪಾರ್ಸೆಲ್ ತೂಕವನ್ನೂ ಬರೆದಿಡುತ್ತೇನೆ. ವಾಪಸ್ ಬಂದರೆ ಬಿಚ್ಚುವುದೂ ವಿಡಿಯೊದಲ್ಲೇ. ದುಡ್ಡು ಹಿಂತಿರುಗಿಸುವುದು ಸ್ಕ್ರೂ ಬಿಚ್ಚಿ ಒಳಗೆ ನೋಡಿದ ಮೇಲೆ ಮಾತ್ರ, ಎದುರಿನವರು ಎಷ್ಟೇ ಒಳ್ಳೆಯವರಾಗಿರಲಿ.

ಕಮಿಷನ್ ಉಳಿಸುವ ಮಾತು ಬಂದರೆ ನಾನು ಅಲ್ಲಿಗೇ ಮುಗಿಸುತ್ತೇನೆ. ಜಗಳ ಬಂದರೆ ಕೇಳಲು ಮೂರನೆಯವರು ಒಬ್ಬರು ಬೇಕು, ಕಮಿಷನ್ ಅದಕ್ಕೆ.

ಕಿಟ್ ಮಾರುವವರಿಗೂ ಒಂದು ಮಾತು. ಡಬ್ಬ ಬಿಚ್ಚಿಲ್ಲ ಅಂದ ಮಾತ್ರಕ್ಕೆ ‘ಪೂರ್ತಿ ಇದೆ’ ಅಂತ ಬರೆಯಬೇಡಿ. ಒಂದು ಮರದ ಕಿಟ್ ಹಾಗೆ ಮಾರಿದೆ. ಕಿಟಕಿ ಬಾಗಿಲುಗಳಿರುವ ಸಣ್ಣ ಪೊಟ್ಟಣವೇ ಇಲ್ಲ ಅಂತ ದೂರು ಬಂತು. ಕಾರ್ಖಾನೆಯಲ್ಲೇ ಬಿಟ್ಟುಹೋಯಿತೋ, ಕೊಂಡವರು ತೆಗೆದಿಟ್ಟುಕೊಂಡರೋ, ಇವತ್ತಿಗೂ ಗೊತ್ತಿಲ್ಲ. ಎಣಿಸದೇ ಮಾರಿದ ಮೇಲೆ ಯಾರ ಜೊತೆ ವಾದ ಮಾಡುವುದು? ಈಗ ಪ್ಲಾಸ್ಟಿಕ್ ಸುತ್ತು ಹರಿದಿರದ ಕಿಟ್ ಆದರೆ ‘ಸುತ್ತು ಬಿಚ್ಚಿಲ್ಲ, ಒಳಗೆ ನೋಡಿಲ್ಲ’ ಅಂತಲೇ ಬರೆಯುತ್ತೇನೆ. ಬಿಚ್ಚಿದ್ದಾದರೆ ಸೂಚನಾ ಪತ್ರದ ಪಟ್ಟಿ ಹಿಡಿದು ಒಂದೊಂದನ್ನೂ ಎಣಿಸಿ, ಎಲ್ಲ ಹರಡಿ ಫೋಟೊ.

ಸ್ಕೇಲಿನ ಜೊತೆಗೆ ಎಂಜಿನ್ ಯಾವ ವ್ಯವಸ್ಥೆಯದ್ದು ಅಂತಲೂ ಬರೆಯಿರಿ. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಮೂರು ಹಳಿಯ ಎಂಜಿನ್ನೂ ಎಚ್‌ಒ, ಅದೇ 16.5 ಮಿ.ಮೀ. ಆದರೆ ಅದು ಕರೆಂಟ್ ತೆಗೆದುಕೊಳ್ಳುವುದು ಎರಡು ಹಳಿಗಳ ನಡುವೆ ಸಾಲಾಗಿರುವ ಲೋಹದ ಚುಕ್ಕೆಗಳಿಂದ. ಎರಡು ಹಳಿಯವರಿಗೆ ಅದು ಹಾಗೆಯೇ ಕೆಲಸಕ್ಕೆ ಬರುವುದಿಲ್ಲ. ಬರೆಯದೇ ಬಿಟ್ಟು ಆಮೇಲೆ ಬೈಸಿಕೊಂಡರೆ ಅದು ನಮ್ಮದೇ ತಪ್ಪು. ಇನ್ನೊಂದು, ಬಬಲ್ ಸುತ್ತನ್ನು ನೇರವಾಗಿ ಬಣ್ಣಕ್ಕೆ ತಾಗಿಸಬೇಡಿ. ಗುಳ್ಳೆಗಳ ಗುರುತು ಬಣ್ಣದ ಮೇಲೆ ಉಳಿದುಬಿಡಬಹುದು. ಒಳಗೆ ತೆಳು ಕಾಗದ ಸುತ್ತಿ.

ಆ ಚಾಸಿಗೆ ಆರೂ ಆಕ್ಸಲ್‌ಗಳಿಗೆ ಹೊಸ ಗೇರ್ ಹಾಕಿ, ಚಕ್ರಗಳ ಅಂತರ ಗೇಜ್ ಹಿಡಿದು ಸರಿ ಮಾಡಿದೆ. ಒಂದು ಮಧ್ಯಾಹ್ನದ ಕೆಲಸ. ಆಸಾಮಿ ಅಷ್ಟು ಮಾಡಿಕೊಂಡಿದ್ದರೆ ಇಷ್ಟೆಲ್ಲ ರಗಳೆಯೇ ಇರುತ್ತಿರಲಿಲ್ಲ. ಈಗ ‘ಟಕ್’ ಇಲ್ಲ, ಹೇಳಬೇಕೆಂದರೆ ಸಕ್ಕತ್ತಾಗಿ ಓಡುತ್ತದೆ. ಮತ್ತೆ ಮಾರೋಣ ಅಂತ ವಿವರ ಬರೆಯಲು ಮೂರು ಸಲ ಕೂತಿದ್ದೇನೆ. ಬಾಡಿ ನನ್ನದು, ಚಾಸಿ ಯಾರದ್ದೋ, ಸಿವಿ 8 ಓದಿದರೆ 129. ಅಲ್ಲಿಂದ ಮುಂದೆ ಏನು ಬರೆಯಬೇಕೋ ತಿಳಿಯದೆ ಎದ್ದು ಬಂದಿದ್ದೇನೆ.