ಸೇಡಂ ರಸ್ತೆಯ ನರ್ಸರಿ, ಅವ್ವನ ಬ್ರಹ್ಮಕಮಲ

ಕೇದಾರನಾಥಕ್ಕೆ ಹೋಗಿ ಬಂದಾಗಿನಿಂದ ಅವ್ವನದು ಒಂದೇ ಹಟ. ಅಲ್ಲಿ ದೇವರಿಗೆ ಏರಿಸಿದ್ದ ಬ್ರಹ್ಮಕಮಲ ನಮ್ಮ ಮನೆಯಲ್ಲೂ ಅರಳಬೇಕು. ಆನ್‌ಲೈನಿನಲ್ಲಿ ‘ಹಿಮಾಲಯದ ಅಸಲಿ ಬ್ರಹ್ಮಕಮಲ’ ಅಂತ ಬೀಜ ತರಿಸಿದೆ. 249 ರೂಪಾಯಿಗೆ 20 ಬೀಜ. ಒಂದೂ ಮೊಳೆಯಲಿಲ್ಲ. ಅವ್ವ ದಿನಾ ಬೆಳಿಗ್ಗೆ ಎದ್ದು ಕುಂಡದ ಮಣ್ಣು ಕೆದರಿ ನೋಡುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು.

ಆಮೇಲೆ ಕಲಬುರಗಿಯ ಸೇಡಂ ರಸ್ತೆ ಕಡೆಯ ಒಂದು ಸಣ್ಣ ನರ್ಸರಿಗೆ ಹೋದೆವು. ಅಲ್ಲಿನ ಕಾಕಾ ಒಂದು ಗಿಡ ತೋರಿಸಿ, ‘ಅಕ್ಕಾರ, ಎಲ್ಲಾರೂ ಇದಕ್ಕೇ ಬ್ರಹ್ಮಕಮಲ ಅಂತಾರ. ಖರೇ ಅಂದ್ರ ಇದು ಕಳ್ಳಿ ಜಾತಿ. ಹಿಮಾಲಯದ್ದು ಬ್ಯಾರೇನೇ ಅದ, ನಮ್ಮ ಬಿಸಲಾಗ ಬದುಕಂಗಿಲ್ರೀ’ ಅಂದರು. ಮಾರುವವರೇ ಹೀಗೆ ಹೇಳುವುದು ಎಲ್ಲಿ ಸಿಗುತ್ತೆ?

ಅವರ ಮಾತು ನಿಜ. ಹಿಮಾಲಯದ ಬ್ರಹ್ಮಕಮಲ ಸುಮಾರು 3,700ರಿಂದ 4,600 ಮೀಟರ್ ಎತ್ತರದ ಚಳಿಯಲ್ಲಿ ತಾನಾಗೇ ಬೆಳೆಯುವ ಗಿಡ, ಉತ್ತರಾಖಂಡದ ರಾಜ್ಯ ಹೂವು. ನಾವು ದಳ ಅಂದುಕೊಳ್ಳುವುದು ಕಾಗದದಷ್ಟು ತೆಳುವಾದ, ಹಳದಿ ಮಿಶ್ರಿತ ಹಸಿರು ಎಲೆಗಳು. ನಿಜವಾದ ಹೂಗಳು ಅದರೊಳಗೆ ನೇರಳೆ ಬಣ್ಣದಲ್ಲಿ ಗುಂಪಾಗಿ ಇರುತ್ತವೆ. ಅದು ಸೂರ್ಯಕಾಂತಿ ಕುಟುಂಬದ್ದು, ಅದರಲ್ಲೂ ನಮ್ಮ ಕುಸುಬೆಗೆ ಹತ್ತಿರದ ನೆಂಟ! ದನ ಬರಬಾರದು ಅಂತ ಜೋಳದ ಹೊಲದ ಅಂಚಿಗೆ ಬಿತ್ತುತ್ತೇವಲ್ಲ, ಅದೇ ಮುಳ್ಳಿನ ಕುಸುಬೆ. ಅವ್ವನಿಗೆ ಹೇಳಿದೆ. ‘ಹಂಗಾದ್ರ ಅದರ ತಂಗಿ ನಮ್ಮ ಹೊಲದಾಗೇ ಇದ್ಲಲ್ಲ’ ಅಂದಳು.

ಕಳ್ಳಿ ಜಾತಿಯದನ್ನೇ 80 ರೂಪಾಯಿಗೆ ತಂದೆವು. ಇದರ ತವರು ಮೆಕ್ಸಿಕೋ ಕಡೆ. ಎರೆಮಣ್ಣು ನೀರು ಹಿಡಿದು ಬೇರು ಕೊಳೆಸುತ್ತೆ, ಕೆಂಪು ಮಣ್ಣಿಗೆ ಮರಳು, ಗೊಬ್ಬರ ಕಲಸಿ ನೆರಳಲ್ಲಿ ಇಡಿ ಅಂತ ಕಾಕಾ ಹೇಳಿ ಕಳಿಸಿದ್ದರು. ಹಾಗೇ ಮಾಡಿದೆವು. ಮೂರನೇ ವರ್ಷ, ಈ ಜುಲೈನಲ್ಲಿ, ಎಲೆಯಂತೆ ಕಾಣುವ ಚಪ್ಪಟೆ ಕಾಂಡದ ಅಂಚಿನಿಂದ ಮೊಗ್ಗು ಇಳಿಯಿತು. ಅದರ ತೊಟ್ಟು ದಿನದಿನಕ್ಕೆ ಕುಡುಗೋಲಿನ ಹಾಗೆ ಮೇಲಕ್ಕೆ ಬಾಗಿತು. ಒಂದು ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ಅಂಗೈಗಿಂತ ದೊಡ್ಡ ಬಿಳಿ ಹೂವು. ವಾಸನೆ ಅಂಗಳದ ತುಂಬ. ಅವ್ವ ದೀಪ ಹಚ್ಚಿಟ್ಟು ಅಲ್ಲೇ ಕೂತಳು, ಹನ್ನೆರಡಾದರೂ ಏಳಲಿಲ್ಲ. ಬೆಳಿಗ್ಗೆ ಹೂವು ಬಾಡಿ ಜೋತುಬಿದ್ದಿತ್ತು.

ಗಿಡದ ಬಗ್ಗೆ ಖರೇ ಮಾತು ಬೇಕು ಅನ್ನುವವರು ಈ ನರ್ಸರಿಗೇ ಹೋಗಿ. ಗಿಡ ಕೊಡುವ ಪ್ಲಾಸ್ಟಿಕ್ ಚೀಲ ಮಾತ್ರ ತೀರಾ ತೆಳು, ನಮ್ಮದು ಆಟೋದಲ್ಲೇ ಹರಿದು ಮಣ್ಣೆಲ್ಲ ಚೆಲ್ಲಿತು. ಹೋಗುವಾಗ ಒಂದು ಬಕೆಟ್ ತಗೊಂಡು ಹೋಗಿ.