ರೇಷ್ಮೆ ಪ್ರೋಟೀನಿನ ಗಾಯದ ಪಟ್ಟಿ: ಎರಡು ತಿಂಗಳು ಬಳಸಿ ನೋಡಿದ ಮೇಲೆ

ಸಕ್ಕರೆ ಕಾಯಿಲೆಯಿಂದ ಪಾದದಲ್ಲಾಗಿದ್ದ ಹುಣ್ಣಿಗೆ ವೈದ್ಯರು ರೇಷ್ಮೆ ಪ್ರೋಟೀನಿನ ಪಟ್ಟಿ ಬರೆದುಕೊಟ್ಟಾಗ, ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ಗೂಡಿನಿಂದ ನೂಲು ಬಿಚ್ಚಿಸಿದ ನಮ್ಮ ತಂದೆಯವರು ನಕ್ಕುಬಿಟ್ಟರು. ಚಿಕ್ಕಬಳ್ಳಾಪುರದ ಔಷಧಿ ಅಂಗಡಿಯಲ್ಲಿ ಅದನ್ನು ಕೊಂಡು ಎರಡು ತಿಂಗಳು ಬಳಸಿದ್ದೇವೆ.

ಹತ್ತಿಯ ಗಾಜ್ ಬಟ್ಟೆ ಕಟ್ಟುತ್ತಿದ್ದ ದಿನಗಳಲ್ಲಿ ಅದು ಪ್ರತಿ ಬೆಳಿಗ್ಗೆ ಗಾಯಕ್ಕೆ ಕಚ್ಚಿಕೊಂಡಿರುತ್ತಿತ್ತು. ಸಲೈನ್ ಹಾಕಿ ನೆನೆಸಿ ಎಷ್ಟೇ ನಿಧಾನವಾಗಿ ಬಿಡಿಸಿದರೂ ಹೊಸದಾಗಿ ಬೆಳೆದ ಕೆಂಪು ಮಾಂಸದಿಂದ ರಕ್ತ ಜಿನುಗುತ್ತಿತ್ತು. ಈ ಪಟ್ಟಿಯಾದರೋ ಗಾಯದ ತೇವವನ್ನು ಹೀರಿ ಮೆತ್ತಗಾಗುತ್ತದೆ, ಮೂರನೆಯ ದಿನ ಅಂಚು ಹಿಡಿದೆತ್ತಿದರೆ ನೆನೆದ ಹಪ್ಪಳದಂತೆ ಇಡಿಯಾಗಿ ಬರುತ್ತದೆ. ಹುಳುವಿನ ವಾಸನೆ ಸ್ವಲ್ಪವೂ ಇಲ್ಲವೆಂಬುದೇ ತಂದೆಯವರಿಗೆ ದೊಡ್ಡ ಅಚ್ಚರಿ.

ನನ್ನ ತಕರಾರು ಡಬ್ಬಿಯ ಮೇಲಿನ ಬರಹದ ಬಗ್ಗೆ. ರೋಗಾಣುಗಳನ್ನು ಕೊಲ್ಲುವ ಕೀರ್ತಿಯನ್ನೆಲ್ಲ ಅದು ರೇಷ್ಮೆಗೇ ಕೊಡುತ್ತದೆ. ರೇಷ್ಮೆ ಎಳೆಯಲ್ಲಿ ಸುಮಾರು ಮುಕ್ಕಾಲು ಪಾಲು ಫೈಬ್ರಾಯಿನ್ ಎಂಬ ಪ್ರೋಟೀನು, ಉಳಿದದ್ದು ಬಹುಮಟ್ಟಿಗೆ ಸೆರಿಸಿನ್ ಎಂಬ ಅಂಟು. ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಈ ಅಂಟನ್ನು ತೆಗೆದು, ಫೈಬ್ರಾಯಿನನ್ನು ಕರಗಿಸಿ ಹಾಳೆ ಮಾಡುತ್ತಾರೆ. ಶಸ್ತ್ರಚಿಕಿತ್ಸೆಯ ಹೊಲಿಗೆಗೆ ರೇಷ್ಮೆ ದಾರ ಬಹುಕಾಲದಿಂದ ಬಳಕೆಯಲ್ಲಿರುವುದರಿಂದ ಅದು ದೇಹಕ್ಕೆ ಒಗ್ಗುತ್ತದೆಂಬುದರಲ್ಲಿ ಸಂದೇಹವಿಲ್ಲ, ಆದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವಲ್ಲಿ ಫೈಬ್ರಾಯಿನಿಗೆ ಹೇಳಿಕೊಳ್ಳುವಂಥ ಶಕ್ತಿಯಿಲ್ಲ. ಈ ಪಟ್ಟಿಯಲ್ಲಿ ಆ ಕೆಲಸ ಮಾಡುವುದು ಸೇರಿಸಿದ ಬೆಳ್ಳಿ. ಬೆಳ್ಳಿಯಿದೆ ಎಂದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸಿದ್ದಾರೆ, ಎಷ್ಟಿದೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ.

ಪ್ರೋಟೀನಿಗೇ ಆ ಗುಣವನ್ನು ಕೊಡುವ ದಾರಿಯೂ ಉಂಟು. ರೇಷ್ಮೆ ಪ್ರೋಟೀನಿನ ಜೀನಿಗೆ ಸೂಕ್ಷ್ಮಾಣುನಾಶಕ ಪೆಪ್ಟೈಡಿನ (ಪ್ರೋಟೀನಿನಂಥದೇ ಚಿಕ್ಕ ಸರಪಳಿಯ) ಜೀನನ್ನು ಜೋಡಿಸಿ, ಇ. ಕೋಲಿಯಂಥ ಜೀವಾಣುವಿನಲ್ಲಿ ಎರಡನ್ನೂ ಒಂದೇ ಪ್ರೋಟೀನಾಗಿ ತಯಾರಿಸಿಕೊಳ್ಳುತ್ತಾರೆ. ಇಂಥ ಪೆಪ್ಟೈಡುಗಳಲ್ಲಿ ಹೆಚ್ಚಿನವಕ್ಕೆ ಧನ ವಿದ್ಯುದಾವೇಶವಿದ್ದು, ಋಣಾವೇಶವುಳ್ಳ ಬ್ಯಾಕ್ಟೀರಿಯಾದ ಪೊರೆಗೆ ಅಂಟಿ ಅದನ್ನು ಒಡೆಯುತ್ತವೆ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಅಷ್ಟು ಋಣಾವೇಶ ಇಲ್ಲದಿರುವುದರಿಂದ ಅವುಗಳಿಗೆ ಹಾನಿ ಕಡಿಮೆ. ನಾವು ಕೊಂಡದ್ದು ಆ ಜಾತಿಯದಲ್ಲ.

ಬೆಲೆ ಗಾಜ್ ಬಟ್ಟೆಗಿಂತ ಹಲವು ಪಟ್ಟು ಹೆಚ್ಚು. ಆದರೂ ದಿನವೂ ಕಟ್ಟು ಬದಲಿಸುವ ಖರ್ಚು, ಆಟೋ ಬಾಡಿಗೆ ಉಳಿದದ್ದರಿಂದ ನಮಗೆ ಅಷ್ಟೇನೂ ಭಾರವೆನಿಸಲಿಲ್ಲ. ಕೀವು ತುಂಬಿದ ಹುಣ್ಣಿಗೆ ಮಾತ್ರ ಇದನ್ನು ತಾವಾಗಿಯೇ ತಂದು ಅಂಟಿಸಬಾರದು. ನಮ್ಮ ವೈದ್ಯರು ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆದ ಮೇಲೆಯೇ ಮೊದಲ ಪಟ್ಟಿ ಹಾಕಿದರು. ಆಗ ಐದು ರೂಪಾಯಿ ನಾಣ್ಯದಷ್ಟಿದ್ದ ಹುಣ್ಣು ಈಗ ಅವರೆಕಾಳಿನಷ್ಟಾಗಿದೆ.